ಹಾಸಿಗೆಯಿಂದ ಅಂಗಳಕ್ಕೆ

ನಮ್ಮ ಮನೆಗಳಲ್ಲಿ ಕಾಯಿಲೆ ಬಿದ್ದವರಿಗೆ, ವೈದ್ಯರು ಬರುವುದಕ್ಕೆ ಮೊದಲೇ ದೊರೆಯುವ ಚಿಕಿತ್ಸೆಗಳು ಎರಡು: ಒಂದು ಹಾಸಿಗೆ, ಇನ್ನೊಂದು ಲಂಘನ. ಲಂಘನವೇ ಪರಮೌಷಧವೆಂಬ ಮಾತನ್ನು ಜ್ವರದ ಮನೆಯಲ್ಲಿ ಕೇಳದವರು ವಿರಳ. ಆದರೆ ಆ ಶಬ್ದಕ್ಕೆ ಉಪವಾಸವೆಂಬುದರ ಜೊತೆಗೆ ಹಾರುವುದು, ಜಿಗಿಯುವುದು, ದಾಟುವುದು ಎಂಬ ಅರ್ಥವೂ ಉಂಟು. ಹನುಮಂತನು ಮಾಡಿದ ಸಮುದ್ರಲಂಘನ ಉಪವಾಸವಲ್ಲವಷ್ಟೆ! ಭಾಷೆ ಕಲಿಸುವವನ ಈ ಚಪಲವನ್ನು ವಾಚಕರು ಸಹಿಸಿಕೊಳ್ಳಬೇಕು. ಈ ವಾರ ನಾನು ಬರೆಯಹೊರಟಿರುವುದು ಆ ಎರಡನೆಯ ಅರ್ಥದ ಲಂಘನವನ್ನು ಕುರಿತು. ಅದೂ ರಕ್ತದ ಕ್ಯಾನ್ಸರಿನಿಂದ, ಅಂದರೆ ಲ್ಯುಕೇಮಿಯದಿಂದ, ಚೇತರಿಸಿಕೊಳ್ಳುತ್ತಿರುವ ಮಕ್ಕಳ ವಿಷಯದಲ್ಲಿ.

ನನ್ನ ತರಗತಿಯ ವಿದ್ಯಾರ್ಥಿಯೊಬ್ಬನ ಊರು ಸಂಡೂರು ತಾಲ್ಲೂಕಿನ ದರೋಜಿ. ಹೊರಗಿನವರಿಗೆ ದರೋಜಿಯೆಂದರೆ 1994ರಲ್ಲಿ ಏರ್ಪಟ್ಟ ಕರಡಿಧಾಮ. ಜಾನಪದ ಬಲ್ಲವರಿಗೆ 2014ರಲ್ಲಿ ತೀರಿಕೊಂಡ ಬುರ್ರಕಥೆಯ ಈರಮ್ಮನವರು. ಊರವರಿಗೆ ಮಾತ್ರ ದರೋಜಿಯೆಂದರೆ ಮೊದಲು ಕೆರೆ, ಟಿಪ್ಪುವಿನ ಕಾಲದ್ದೆಂದು ಹೇಳುವ ದೊಡ್ಡ ಕೆರೆ ಮತ್ತು ಅದರ ಉದ್ದನೆಯ ಏರಿ. ಆ ಹುಡುಗನ ತಂಗಿಗೆ ಈಗ ಒಂಬತ್ತು ವರ್ಷ. ಆರರ ವಯಸ್ಸಿನಲ್ಲಿ ಬಿಡದ ಜ್ವರ, ಕಾಲುನೋವು, ಮೈಮೇಲೆ ಅಲ್ಲಲ್ಲಿ ನೀಲಿ ಕಲೆಗಳು ಕಾಣಿಸಿಕೊಂಡು, ಬಳ್ಳಾರಿಯಿಂದ ಬೆಂಗಳೂರಿಗೆ ಹೋಗಿ, ಎರಡೂವರೆ ವರ್ಷ ಚಿಕಿತ್ಸೆ ನಡೆಯಿತು. ಚಿಕಿತ್ಸೆ ಮುಗಿದಿದೆ, ರಕ್ತದಲ್ಲಿ ರೋಗದ ಗುರುತಿಲ್ಲ. ನಾನು ಅವರ ಮನೆಗೆ ಹೋದ ದಿನ ಅಂಗಳದಲ್ಲಿ ನಾಲ್ಕು ಹುಡುಗಿಯರು ಕುಂಟಾಬಿಲ್ಲೆ ಆಡುತ್ತಿದ್ದರು. ಈ ಮಗು ಕಟ್ಟೆಯ ಮೇಲೆ ಕುಳಿತು ಅವರ ಲೆಕ್ಕ ಇಡುತ್ತಿತ್ತು. “ನೀನು ಆಡುವುದಿಲ್ಲವೇನಮ್ಮ?” ಎಂದೆ. ಉತ್ತರ ಒಳಗಿನಿಂದ ಅಜ್ಜಿಯದು ಬಂತು: “ಜೀವ ಉಳದೈತಲ್ಲ ಸಾರ್, ಅಷ್ಟ ಸಾಕ್ರಿ. ಹೆಣ್ಣುಕೂಸು, ಕುಣದಾಡಿ ಏನಾಗಬೇಕೈತಿ?”

ಆ ಅಜ್ಜಿಯನ್ನು ದೂರುವಂತಿಲ್ಲ. ಮೊಮ್ಮಗಳ ಪಕ್ಕದಲ್ಲಿ ಆಸ್ಪತ್ರೆಯ ನೆಲದ ಮೇಲೆ ಎಷ್ಟೋ ರಾತ್ರಿ ಮಲಗಿದವರು ಅವರು. ಬೆಂಗಳೂರಿನ ಬಡಾವಣೆಗಳ ಸುಶಿಕ್ಷಿತ ಮನೆಗಳಲ್ಲಿಯೂ ಇದೇ ಮಾತು ಬೇರೆ ಭಾಷೆಯಲ್ಲಿ ಬರುತ್ತದೆ; “ಅವನಿಗೆ ಆಯಾಸವಾಗಬಾರದು” ಎನ್ನುತ್ತಾರೆ, ಅಷ್ಟೆ. ಮಗು ಮೊಬೈಲ್ ಫೋನಿನ ಮುಂದೆ ಕೂರುತ್ತದೆ. ಮನೆಯವರು ನಿಶ್ಚಿಂತರಾಗುತ್ತಾರೆ.

ಈ ಭಯಕ್ಕೆ ಒಂದು ಇತಿಹಾಸವಿದೆ. 1947ಕ್ಕೆ ಮೊದಲು ಮಗುವಿಗೆ ಲ್ಯುಕೇಮಿಯ ಎಂದರೆ ಕೆಲವು ವಾರಗಳ, ಹೆಚ್ಚೆಂದರೆ ಕೆಲವು ತಿಂಗಳುಗಳ ಮಾತಾಗಿತ್ತು. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಅಮಿನಾಪ್ಟೆರಿನ್ ಎಂಬ ಔಷಧವನ್ನು 16 ಮಕ್ಕಳಿಗೆ ಕೊಟ್ಟು, 10 ಮಂದಿಯಲ್ಲಿ ಸುಧಾರಣೆ ಕಂಡುದಾಗಿ 1948ರಲ್ಲಿ ಪ್ರಕಟಿಸಿದರು. ಆ ಸುಧಾರಣೆ ತಾತ್ಕಾಲಿಕವಾಗಿತ್ತು. ಆದರೂ ಬಾಗಿಲು ತೆರೆಯಿತು. ಆ ಔಷಧ ಸಿದ್ಧವಾದ ಪ್ರಯೋಗಶಾಲೆಯ ಸಂಶೋಧನೆಯನ್ನು ನಡೆಸುತ್ತಿದ್ದವರು ನಮ್ಮ ನೆರೆಯ ಆಂಧ್ರದ ಭೀಮಾವರದಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅನಂತರ ಒಂದರ ಮೇಲೊಂದು ಔಷಧ ಬಂದು, ಹಲವನ್ನು ಕೂಡಿಸಿ ಕೊಡುವ ಕ್ರಮ ಬೆಳೆದು, ಇಂದು ಶ್ರೀಮಂತ ದೇಶಗಳಲ್ಲಿ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಬಗೆಯ ಲ್ಯುಕೇಮಿಯಕ್ಕೆ ತುತ್ತಾದ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳು ಉಳಿಯುತ್ತಾರೆ. ನಮ್ಮಲ್ಲಿ ಆ ಸಂಖ್ಯೆ ಕಡಿಮೆ. ತಡವಾಗಿ ಆಸ್ಪತ್ರೆ ಸೇರುವುದು, ಚಿಕಿತ್ಸೆಯನ್ನು ನಡುವೆಯೇ ಬಿಡುವುದು ಇದಕ್ಕೆ ದೊಡ್ಡ ಕಾರಣಗಳು. ಹಾಗಿದ್ದರೂ, ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಲ್ಲಿ ಸ್ಥಾಪನೆಯಾದಾಗ ಇದ್ದ ನಿರೀಕ್ಷೆಗೂ ಇಂದಿನ ನಿರೀಕ್ಷೆಗೂ ಹೋಲಿಕೆಯೇ ಇಲ್ಲ. ಮಗು ಉಳಿದೀತೇ ಎಂಬುದು ಅಂದಿನ ಪ್ರಶ್ನೆಯಾಗಿತ್ತು. ಉಳಿದ ಮಗು ಮೂವತ್ತರ, ಐವತ್ತರ ವಯಸ್ಸಿಗೆ ಎಂಥ ದೇಹವನ್ನು ಹೊತ್ತು ಹೋದೀತು ಎಂಬುದನ್ನು ಇಂದು ಕೇಳಬೇಕಾಗಿದೆ. ಅಜ್ಜಿ ಹಳೆಯ ಪ್ರಶ್ನೆಯ ಬಳಿಯಲ್ಲಿಯೇ ನಿಂತಿದ್ದಾರೆ.

ರೋಗವನ್ನು ಗೆದ್ದ ಔಷಧಗಳು ಮೈಯಿಂದ ಸುಂಕ ವಸೂಲು ಮಾಡದೆ ಹೋಗುವುದಿಲ್ಲ. ವಿನ್‌ಕ್ರಿಸ್ಟೀನ್ ಎಂಬ ಚುಚ್ಚುಮದ್ದನ್ನು ನೋಡಿ. ಅದರ ಮೂಲ ನಮ್ಮ ಹಿತ್ತಿಲುಗಳಲ್ಲಿ ವರ್ಷವಿಡೀ ಅರಳುವ ನಿತ್ಯಪುಷ್ಪ. ಕಾಶಿಕಣಗಿಲೆಯೆಂದೂ ಅದನ್ನು ಕರೆಯುವುದುಂಟು. (ಹಾಗೆಂದು ಯಾರೂ ಅದರ ಕಷಾಯ ಕಾಸಲು ಹೊರಡಬಾರದು, ಗಿಡ ವಿಷಯುಕ್ತವಾದುದು.) ಈ ಔಷಧ ಕೈಕಾಲಿನ ತುದಿಯ ನರಗಳನ್ನು ಮಂಕುಗೊಳಿಸುತ್ತದೆ. ಪಾದವನ್ನು ಮೇಲೆತ್ತುವ ಶಕ್ತಿ ಕುಂದಿ, ಹೆಬ್ಬೆರಳು ಹೊಸ್ತಿಲಿಗೆ ತಗುಲಿ ಮಗು ಎಡವುತ್ತದೆ. ಹಿಮ್ಮಡಿಯ ಮೇಲೆ ನಡೆಯೆಂದರೆ ನಡೆಯಲಾರದು. ಇನ್ನು ಸ್ಟಿರಾಯ್ಡ್ ಗುಳಿಗೆಗಳು. ಅವು ಹಸಿವನ್ನು ಕೆರಳಿಸಿ ಮುಖವನ್ನು ದುಂಡಗೆ ಮಾಡುತ್ತವೆ. ನೆರೆಹೊರೆಯವರು “ಮಗು ತುಂಬಿಕೊಂಡಿದೆ” ಎಂದು ಸಂತೋಷಪಡುವ ಹೊತ್ತಿಗೆ ತೊಡೆ ಸೊಂಟಗಳ ಸ್ನಾಯುಗಳು ಒಳಗೊಳಗೇ ಸವೆದಿರುತ್ತವೆ, ಮೂಳೆಗಳು ಟೊಳ್ಳಾಗತೊಡಗಿರುತ್ತವೆ. ಊಟಕ್ಕೆ ಚಕ್ಕಳಮಕ್ಕಳ ಹಾಕಿ ಕುಳಿತ ಮಗು ಏಳುವಾಗ ಎರಡು ಕೈಗಳನ್ನೂ ನೆಲಕ್ಕೋ ಮೊಣಕಾಲಿಗೋ ಊರಿದರೆ, ಅದು ಸೋಮಾರಿತನವೆಂದು ಗದರುವ ತಂದೆಯರನ್ನು ನಾನು ಬಲ್ಲೆ. ಅದು ತೊಡೆಯ ಬಲ ಇಳಿದಿರುವುದರ ಗುರುತು. ಕೆಂಪು ಬಣ್ಣದ ಔಷಧವೆಂದು ತಾಯಂದಿರು ನೆನಪಿಟ್ಟಿರುವ ಡಾಕ್ಸೊರುಬಿಸಿನ್ ಮತ್ತು ಅದರ ಸೋದರ ಔಷಧಗಳು ಹೃದಯದ ಸ್ನಾಯುವಿನ ಮೇಲೆ ಪರಿಣಾಮ ಮಾಡಬಲ್ಲವು. ಆ ಪರಿಣಾಮ ಕೆಲವರಲ್ಲಿ ವರ್ಷಗಳು ಕಳೆದ ಮೇಲೆ ತೋರಿಕೊಳ್ಳುತ್ತದೆ.

ಇವೆಲ್ಲದರ ಮೇಲೆ ಹಾಸಿಗೆ ತನ್ನ ಪಾಲನ್ನು ಸೇರಿಸುತ್ತದೆ. ಔಷಧದಿಂದ ಸವೆದ ಸ್ನಾಯು ಮಲಗಿದಲ್ಲಿ ಇನ್ನಷ್ಟು ಸವೆಯುತ್ತದೆ. ಭಾರ ಹೊರದ ಮೂಳೆ ಇನ್ನಷ್ಟು ಟೊಳ್ಳಾಗುತ್ತದೆ. ಬಲವಿಲ್ಲವೆಂದು ಮಲಗಿದ ಮಗುವಿಗೆ ಮಲಗಿದುದರಿಂದಲೇ ಬಲ ಹೋಗಿ, ನಾಲ್ಕು ಹೆಜ್ಜೆಗೆ ಏದುಸಿರು ಬರುತ್ತದೆ. ಅದನ್ನು ಕಂಡು ಮನೆಯವರು ಮತ್ತೆ ಮಲಗಿಸುತ್ತಾರೆ. ದಣಿವಿಗೆ ವಿಶ್ರಾಂತಿಯೇ ಮದ್ದೆಂಬುದು ಆರೋಗ್ಯವಂತನ ಅನುಭವ. ಈ ಮಕ್ಕಳ ದಣಿವು ಬಹುಮಟ್ಟಿಗೆ ಬೇರೆ ಜಾತಿಯದು. ಅಳತೆಯರಿತು ಮೈಯಾಡಿಸಿದರೆ ಅದು ಇಳಿಯುವ ಸಂಭವವೇ ಹೆಚ್ಚು.

ವ್ಯಾಯಾಮದಿಂದ ಎಲ್ಲವೂ ಸರಿಹೋಗುತ್ತದೆಯೆಂದು ಹೇಳಿಬಿಟ್ಟರೆ ಅದು ಜಾಹೀರಾತಾದೀತು. 2016ರಲ್ಲಿ ಕಾಕ್ರೇನ್ ಎಂಬ ವೈದ್ಯಕೀಯ ಸಮೀಕ್ಷಾ ಸಂಸ್ಥೆ ಈ ಬಗೆಯ ಆರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಅವುಗಳಲ್ಲಿದ್ದ ಮಕ್ಕಳು ಎಲ್ಲ ಸೇರಿ 171 ಮಾತ್ರ. ಲಾಭದ ಸೂಚನೆಗಳಿದ್ದುವು, ಪುರಾವೆ ಗಟ್ಟಿಯಾಗಿರಲಿಲ್ಲ. ಆದರೂ 2021ರಲ್ಲಿ ಹಲವು ದೇಶಗಳ ತಜ್ಞರು ಕೂಡಿ ಹೊರಡಿಸಿದ ಮಾರ್ಗಸೂಚಿಯು, ಕ್ಯಾನ್ಸರಿಗೆ ಒಳಗಾದ ಪ್ರತಿಯೊಂದು ಮಗುವಿಗೂ ಚಿಕಿತ್ಸೆಯ ಕಾಲದಲ್ಲಿಯೂ ಅದರ ನಂತರವೂ ಚಲನೆ ಮುಖ್ಯವೆಂದು ಹೇಳಿತು. ಆರೋಗ್ಯವಂತ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಮೈದುಡಿತ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. ಚೇತರಿಸಿಕೊಳ್ಳುವ ಮಗು ಅಲ್ಲಿಗೆ ತಿಂಗಳುಗಳ ಮೇಲೆ ತಲಪಲಿ. ಮೊದಲ ದಿನ ಐದು ನಿಮಿಷವಾದರೂ ನಷ್ಟವಿಲ್ಲ.

ದರೋಜಿಯಂಥ ಊರಿಗೆ ದೊಡ್ಡ ಕಷ್ಟ ದೂರ. ಹೊಸಪೇಟೆಯಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಂಗಳೂರು ಬೆಳಗಿನ ಮಾತು. ಫಿಜಿಯೋಥೆರಪಿಯವರು ವಾರಕ್ಕೆರಡು ಸಲ ಬನ್ನಿ ಎಂದರೆ ಕೂಲಿಯವರ ಮನೆಯಿಂದ ಯಾರು ಹೋಗಬಲ್ಲರು? ಆದುದರಿಂದ ತಪಾಸಣೆಗೆ ಹೋದಾಗ ಕೇಳಿ ಕಲಿತುಬಂದು ಮನೆಯಲ್ಲಿಯೇ ಮಾಡಿಸುವುದು ಜಾಣತನ. ಅದೃಷ್ಟವಶಾತ್ ಬೇಕಾದ ಸಾಮಗ್ರಿ ಹಳ್ಳಿಯ ಮನೆಯಲ್ಲಿಯೇ ಉಂಟು. ಕಾಲು ಚಾಚಿ ಕುಳಿತು, ಪಾದಕ್ಕೆ ಪಂಚೆಯನ್ನು ಸುತ್ತಿ ತನ್ನತ್ತ ಎಳೆದುಕೊಂಡರೆ ಹಿಮ್ಮಡಿಯ ನರ ಸಡಿಲುತ್ತದೆ. ಗೋಡೆ ಹಿಡಿದು ತುದಿಗಾಲಲ್ಲಿ ಹತ್ತು ಹೆಜ್ಜೆ, ಹಿಮ್ಮಡಿಯಲ್ಲಿ ಹತ್ತು ಹೆಜ್ಜೆ. ಮಣೆಯ ಮೇಲಿನಿಂದ ಕೈಯೂರದೆ ಏಳುವುದು. ಅದು ಬಂದ ಮೇಲೆ ನೆಲದಿಂದ. ಕಟ್ಟೆಯ ಮೆಟ್ಟಿಲು ಹತ್ತಿ ಇಳಿಯುವುದು. ತುಂಬಿದ ತಂಬಿಗೆಯನ್ನು ಚೆಲ್ಲದೆ ಹಿತ್ತಿಲಿಗೆ ಒಯ್ಯುವುದು. ಆ ಹುಡುಗಿ ಲೆಕ್ಕವಿಡುತ್ತಿದ್ದ ಕುಂಟಾಬಿಲ್ಲೆಯಲ್ಲಿ ಒಂಟಿಕಾಲಿನ ಸಮತೋಲ, ಜಿಗಿತ, ಬಗ್ಗಿ ಬಿಲ್ಲೆ ಎತ್ತುವುದು, ಎಲ್ಲ ಇವೆ. ಪಾದದ ಬಲ ಮರಳುವವರೆಗೆ ಎರಡು ಕಾಲಿನಲ್ಲಿ ಆಡಲು ಗೆಳತಿಯರು ಒಪ್ಪಿದರಾಯಿತು; ಮಕ್ಕಳು ಇಂಥ ರಿಯಾಯಿತಿಯನ್ನು ದೊಡ್ಡವರಿಗಿಂತ ಸುಲಭವಾಗಿ ಕೊಡುತ್ತಾರೆ. ಇನ್ನು ಕೆರೆಯ ಏರಿಯಿದೆ. ಇಂದು ಈ ಕಲ್ಲಿನವರೆಗೆ, ಮುಂದಿನ ವಾರ ಆ ಜಾಲಿಮರದವರೆಗೆ ಎಂದು ಗುರುತಿಟ್ಟು ನಡೆಸಬಹುದು. ಹೊತ್ತೇರುವ ಮುನ್ನವೇ ನಡೆದು ಬರಬೇಕು. ಬಳ್ಳಾರಿ ಸೀಮೆಯ ಬಿಸಿಲು ಯಾರಿಗೂ ಹಿತವಲ್ಲ, ಚಿಕಿತ್ಸೆಯ ಕೆಲವು ಔಷಧಗಳಿಂದ ಈ ಮಕ್ಕಳ ಚರ್ಮ ಬೇಗ ಸುಡುತ್ತದೆ ಕೂಡ. ಸಂಜೆ ಕರಡಿಗಳು ಹೊರಡುವ ಹೊತ್ತಿಗಂತೂ ಮನೆಯಲ್ಲಿರುವುದು ಕ್ಷೇಮ.

ಕರಡಿಯ ಮಾತಿನಿಂದ ನೆನಪಾಯಿತು. ತುಂಗಭದ್ರೆಯಾಚೆಯ ಅಂಜನಾದ್ರಿ ದರೋಜಿಗೆ ಬಹಳ ದೂರವೇನಲ್ಲ; ಜನ ಕಿಷ್ಕಿಂಧೆಯೆಂದು ನಂಬಿದ ಸೀಮೆಯಿದು. ತನ್ನ ಬಲವನ್ನೇ ಮರೆತು ಕುಳಿತಿದ್ದ ಹನುಮಂತನಿಗೆ ಅದನ್ನು ನೆನಪಿಸಿದವನು ಜಾಂಬವಂತ, ಒಬ್ಬ ಮುದಿ ಕರಡಿ. ಕಾಯಿಲೆಯಿಂದೆದ್ದ ಮಗುವಿನ ಮನೆಯಲ್ಲಿ ಆ ಕೆಲಸ ಅಜ್ಜಿಯರಿಗೆ ಚೆನ್ನಾಗಿ ಒಪ್ಪುತ್ತದೆ. ಇದನ್ನು ಆ ಅಜ್ಜಿಗೆ ಹೇಳಿದಾಗ ತಮ್ಮನ್ನು ಕರಡಿಗೆ ಹೋಲಿಸಿದೆನೆಂದು ಸ್ವಲ್ಪ ಮುನಿದರು. ಆದರೆ ಮೊಮ್ಮಗಳನ್ನು ಹೊಸ್ತಿಲಿನಿಂದ ಬಾವಿಕಟ್ಟೆಯವರೆಗೆ ನಡೆಸಿಕೊಂಡು ಹೋದರು.

ಅಂಜಿಕೆ ಇರಬೇಕಾದ ಕಡೆಗಳೂ ಇವೆ, ಅವನ್ನು ಮರೆಯುವಂತಿಲ್ಲ. ಚಿಕಿತ್ಸೆ ನಡೆಯುತ್ತಿರುವಾಗ ರಕ್ತದ ಪ್ಲೇಟ್‌ಲೆಟ್ ಕಣಗಳು ಇಳಿದಿದ್ದರೆ ಸಣ್ಣ ಪೆಟ್ಟಿಗೂ ರಕ್ತಸ್ರಾವವಾದೀತು. ಆಗ ಕಬಡ್ಡಿ, ಮರಕೋತಿ, ಸೈಕಲ್ಲು ಬೇಡ, ಮನೆಯೊಳಗಿನ ಮೆಲುನಡಿಗೆಯನ್ನೂ ವೈದ್ಯರನ್ನು ಕೇಳಿಯೇ ಮಾಡಿಸಬೇಕು. ಬಿಳಿಕಣಗಳು ಇಳಿದಾಗ ಜಾತ್ರೆ ಸಂತೆಗಳ ಗುಂಪು, ಕೆರೆ ಕಾಲುವೆಗಳ ಈಜು ಸಲ್ಲವು. ಜ್ವರ 100.4 ಡಿಗ್ರಿ ಮುಟ್ಟಿತೆಂದರೆ ವ್ಯಾಯಾಮದ ಮಾತೇ ಇಲ್ಲ. ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು. ಸೊಂಟ ಅಥವಾ ಮೊಣಕಾಲು ನೋಯುತ್ತದೆಂದು ಮಗು ಕುಂಟಿದರೆ, ಅದರಲ್ಲಿಯೂ ಹತ್ತು ದಾಟಿದ ಮಕ್ಕಳಲ್ಲಿ, ಎಣ್ಣೆ ತಿಕ್ಕಿ ನಡೆಸಬೇಡಿ. ಸ್ಟಿರಾಯ್ಡಿನಿಂದ ಮೂಳೆಯ ತುದಿಗೆ ರಕ್ತಸಂಚಾರ ತಪ್ಪಿ ಅದು ಕುಸಿಯುವ ಅಪಾಯವುಂಟು. ಹೃದಯದ ಪರೀಕ್ಷೆ ಮಾಡಿಸದೆ ಓಟದ ಪಂದ್ಯಕ್ಕೆ ಬಿಡುವುದೂ ಸರಿಯಲ್ಲ.

ಶಾಲೆಯ ವಿಚಾರದಲ್ಲಿ ನಾನು ಸ್ವಲ್ಪ ಕಠಿನವಾಗಿಯೇ ಹೇಳುತ್ತೇನೆ. ಇಂಥ ಮಗುವನ್ನು ಡ್ರಿಲ್ ಪೀರಿಯಡ್ಡಿನಲ್ಲಿ ತರಗತಿಯಲ್ಲಿ ಕೂರಿಸಿ, ಹಾಜರಿ ಪುಸ್ತಕ ಕಾಯಲು ಹಚ್ಚುವುದು ಉಪಕಾರವಲ್ಲ. ಆಸ್ಪತ್ರೆಯಿಂದ ಏನು ಮಾಡಬಹುದು, ಏನು ಮಾಡಬಾರದು ಎಂದು ಒಂದು ಚೀಟಿ ಬರೆಯಿಸಿ ತಂದುಕೊಟ್ಟರೆ ಬಹುಪಾಲು ಉಪಾಧ್ಯಾಯರು ಧೈರ್ಯ ತಳೆಯುತ್ತಾರೆ. ಅವರಿಗಿರುವುದು ಹೊಣೆಯ ಭಯ. ಇನ್ನೊಂದು ಸಂಗತಿ. ಗುಣವಾದ ಗಂಡುಮಗು ಹಟಮಾಡಿಯಾದರೂ ಬೀದಿಗಿಳಿಯುತ್ತದೆ, ಚೆಂಡು ಬ್ಯಾಟು ಅದನ್ನು ಎಳೆದೊಯ್ಯುತ್ತವೆ. ಹೆಣ್ಣುಮಗುವಿಗೆ ಬೀದಿ ಮೊದಲೇ ಅರ್ಧ ಮುಚ್ಚಿದ್ದು. ಕಾಯಿಲೆ ಅದಕ್ಕೊಂದು ಅಗುಳಿ ಹಾಕುತ್ತದೆ. ತೊಡೆಯ ಸ್ನಾಯುವಿಗೂ ಹೃದಯಕ್ಕೂ ಈ ಭೇದ ತಿಳಿಯದು. ನಾಳೆ ಅವಳು ಬಸುರಿಯಾಗುವ ಕಾಲಕ್ಕೆ ಆ ಹೃದಯ ಹೆಚ್ಚು ಕೆಲಸ ಮಾಡಬೇಕಾಗುತ್ತದೆ ಎಂಬುದನ್ನು ಮದುವೆಯ ಚಿಂತೆ ಈಗಲೇ ಹೊತ್ತಿರುವ ಹಿರಿಯರು ಯೋಚಿಸಬೇಕು.

ಅದಕ್ಕಾಗಿಯೇ ಚಿಕಿತ್ಸೆಯ ಕಾಗದಗಳನ್ನು ಕುರಿತು ಒಂದು ಮಾತು. ಯಾವ ಔಷಧ, ಒಟ್ಟು ಎಷ್ಟು ಪ್ರಮಾಣ, ಯಾವ ವರ್ಷದಲ್ಲಿ ಎಂಬ ಸಾರಾಂಶವನ್ನು ಚಿಕಿತ್ಸೆ ಮುಗಿದಾಗ ಕೇಳಿ ಬರೆಯಿಸಿಕೊಳ್ಳಬೇಕು. ಹುಡುಗ ಪೊಲೀಸ್ ಕೆಲಸಕ್ಕೆ ಓಡಲು ಹೊರಟಾಗ, ಹುಡುಗಿ ಹೆರಿಗೆಗೆ ಹೋದಾಗ, ಅಂದಿನ ವೈದ್ಯರು ಮೊದಲು ಕೇಳಬೇಕಾದುದು ಅದನ್ನೇ. ದರೋಜಿಯ ಆ ಮನೆಯಲ್ಲಿ ಈ ಕಾಗದಗಳು ಪ್ಲಾಸ್ಟಿಕ್ ಚೀಲವೊಂದರಲ್ಲಿ ಮೊಳೆಗೆ ತೂಗುತ್ತಿದ್ದುವು, ಕೆಳಗಿನ ಹಾಳೆಗಳಿಗೆ ಆಗಲೇ ಗೆದ್ದಲು ಮುಟ್ಟಿತ್ತು. ಅಣ್ಣ ಅವುಗಳ ಪ್ರತಿಗಳನ್ನು ತೆಗೆಸಿ, ಮೂಲವನ್ನು ಹೊಲದ ಪಹಣಿಯ ಜೊತೆಗೆ ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟಿದ್ದಾನೆ.