ನೆಲನೆಲ್ಲಿಗೂ ಬೇಕು ಪರೀಕ್ಷೆ

ಮಳೆ ಹಿಡಿದು ಹದಿನೈದು ದಿನ ಕಳೆಯುವಷ್ಟರಲ್ಲಿ ಗದ್ದೆಯ ಬದು, ತೋಟದ ಅಂಚು, ಹಿತ್ತಲಲ್ಲೆಲ್ಲ ನೆಲನೆಲ್ಲಿ ಏಳುತ್ತದೆ. ಗೇಣುದ್ದದ ಗಿಡ. ಕಡ್ಡಿಯನ್ನು ಮಗುಚಿ ನೋಡಿದರೆ ಎಲೆಗಳ ಕೆಳಗೆ ಸಾಸಿವೆಗಿಂತ ತುಸು ದಪ್ಪನೆಯ ಕಾಯಿಗಳು ಸಾಲಾಗಿ ತೂಗುತ್ತಿರುತ್ತವೆ. ಕಾಮಾಲೆ ಬಂದವರಿಗೆ ಇದನ್ನು ಬೇರುಸಮೇತ ಕಿತ್ತು, ತೊಳೆದು, ಅರೆದು, ಹಾಲಿನಲ್ಲೋ ಮಜ್ಜಿಗೆಯಲ್ಲೋ ಕಲಸಿ ಬರಿಹೊಟ್ಟೆಗೆ ಕುಡಿಸುವುದು ಕರ್ನಾಟಕದ ಹಳ್ಳಿಗಳಲ್ಲಿ ಇಂದಿಗೂ ಇದೆ. ಕುಡಿದವರಲ್ಲಿ ಹೆಚ್ಚಿನವರು ಹುಷಾರಾಗುತ್ತಾರೆ, ನಿಜ. ಆದರೆ ನೀರು, ಆಹಾರದಿಂದ ಹರಡುವ ಹೆಪಟೈಟಿಸ್ ಎ ಮತ್ತು ಇ ವೈರಸ್‌ಗಳ ಕಾಮಾಲೆ ಬಹುತೇಕರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಗುಣ ಗಿಡದ್ದೋ ದೇಹದ್ದೋ ಎಂಬುದು ಕುಡಿಸಿದವರಿಗೂ ಗೊತ್ತಾಗುವುದಿಲ್ಲ, ಕುಡಿದವರಿಗೂ ಗೊತ್ತಾಗುವುದಿಲ್ಲ.

ಹೆಪಟೈಟಿಸ್ ಬಿ ಅಷ್ಟು ಸುಲಭಕ್ಕೆ ಬಿಡುವುದಲ್ಲ. ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ ದಾಟಿದರೆ ಸಾಮಾನ್ಯವಾಗಿ ಮೈಯಲ್ಲೇ ಉಳಿದುಬಿಡುತ್ತದೆ. ದಶಕಗಳ ನಂತರ ಯಕೃತ್ತಿನ ಕ್ಯಾನ್ಸರಿಗೂ ಕಾರಣವಾಗಬಲ್ಲದು. ಈ ವೈರಸ್ಸಿನ ಪತ್ತೆಗಾಗಿ 1976ರಲ್ಲಿ ನೊಬೆಲ್ ಪಡೆದ ಅಮೆರಿಕದ ಬರೂಕ್ ಬ್ಲಂಬರ್ಗ್ ಅವರೇ ನೆಲನೆಲ್ಲಿಯ ಮೇಲೆ ಕಣ್ಣಿಟ್ಟರು. ಮದ್ರಾಸಿನ ಎಸ್.ಪಿ. ತ್ಯಾಗರಾಜನ್ ಮತ್ತಿತರರೊಂದಿಗೆ ಅವರು ನಡೆಸಿದ ಅಧ್ಯಯನ 1988ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 30 ದಿನ ಗಿಡದ ಔಷಧಿ ತೆಗೆದುಕೊಂಡ 37 ಜನರಲ್ಲಿ 22 ಮಂದಿಯ ರಕ್ತದಲ್ಲಿ ವೈರಸ್ಸಿನ ಗುರುತು ಸಿಗಲಿಲ್ಲ. ಹುಸಿ ಔಷಧಿ ಪಡೆದ 23 ಜನರಲ್ಲಿ ಹಾಗಾದದ್ದು ಒಬ್ಬರಿಗೆ ಮಾತ್ರ.

ಜಗತ್ತೇ ತಿರುಗಿ ನೋಡಿದ ಫಲಿತಾಂಶ ಅದು. ಮುಂದೆ ಥಾಯ್ಲೆಂಡ್, ನ್ಯೂಜಿಲೆಂಡ್‌ಗಳಲ್ಲಿ ಪರೀಕ್ಷಿಸಿದಾಗ ಅದೇ ಫಲ ಬರಲಿಲ್ಲ. ಇಷ್ಟಕ್ಕೇ ಗಿಡವನ್ನು ಕೈಬಿಡಬೇಕಿಲ್ಲ. ಆದರೆ 37ಕ್ಕೆ 22 ಎಂಬ ಲೆಕ್ಕವನ್ನಷ್ಟೇ ಮುಂದಿಟ್ಟು ಪುಡಿಯ ಡಬ್ಬಿ ಮಾರುವುದು ರೋಗಿಗೆ ಮಾಡುವ ಅನ್ಯಾಯ.

ಅರಿಶಿನದ ಕತೆಯೂ ಇಂಥದ್ದೇ. ಅದರಲ್ಲಿನ ಕರ್ಕ್ಯುಮಿನ್ ಪ್ರಯೋಗಾಲಯದ ತಟ್ಟೆಯಲ್ಲಿ ಯಕೃತ್ತಿನ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ ಎನ್ನುವ ಪ್ರಬಂಧಗಳಿಗೆ ಲೆಕ್ಕವಿಲ್ಲ. ಮನುಷ್ಯರ ಹೊಟ್ಟೆಗಿಳಿದಾಗ ಆಗುವುದೇ ಬೇರೆ. ಮೇದೋಜೀರಕದ ಕ್ಯಾನ್ಸರ್ ರೋಗಿಗಳಿಗೆ ದಿನಕ್ಕೆ 8 ಗ್ರಾಂ ಕೊಟ್ಟು ನೋಡಿದ, 2008ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯಲ್ಲಿ ರಕ್ತದಲ್ಲಿ ಸಿಕ್ಕಿದ್ದು ಮಿಲಿಲೀಟರಿಗೆ 22ರಿಂದ 41 ನ್ಯಾನೋಗ್ರಾಂ ಅಷ್ಟೆ.

ಸಸ್ಯದ ಅಣುವೊಂದು ಯಕೃತ್ತಿನ ಕ್ಯಾನ್ಸರಿನ ಔಷಧಿಯಾಗಿ ಪರವಾನಗಿ ಪಡೆದಿರುವುದು ಚೀನಾದಲ್ಲಿ. ಅಲ್ಲಿನ ಸಾಂಪ್ರದಾಯಿಕ ವೈದ್ಯದ ಎಪಿಮೀಡಿಯಂ ಗಿಡದಿಂದ ದೊರೆತ ಐಕಾರಿಟಿನ್‌ಗೆ 2022ರಲ್ಲಿ ಒಪ್ಪಿಗೆ ಸಿಕ್ಕಿತು. ಇದನ್ನೂ ಕಣ್ಣುಮುಚ್ಚಿ ಹೊಗಳುವಂತಿಲ್ಲ. ರಕ್ತಪರೀಕ್ಷೆಯ ಕೆಲವು ಗುರುತುಗಳಿಂದ ಆಯ್ದ ರೋಗಿಗಳ ಗುಂಪಿನಲ್ಲಿ ಲಾಭ ಕಂಡಿತು. ಹೋಲಿಸಿದ್ದೂ ನೆಲಗಪ್ಪೆಯ ಚರ್ಮದಿಂದ ತಯಾರಾಗುವ ಇನ್ನೊಂದು ಚೀನೀ ಔಷಧಿಯೊಂದಿಗೆ, ಯಕೃತ್ತಿನ ಕ್ಯಾನ್ಸರಿಗೆ 2007ರಿಂದ ಬಳಕೆಯಲ್ಲಿರುವ ಸೊರಾಫೆನಿಬ್ ಎಂಬ ಔಷಧಿಯ ಜೊತೆಗಲ್ಲ. ಆದರೂ ಅಲ್ಲಿ ಅಣುವನ್ನು ಬೇರ್ಪಡಿಸಿದರು, ಪ್ರಮಾಣ ಗೊತ್ತುಮಾಡಿದರು, ರೋಗಿಗಳನ್ನು ಗುಂಪು ಮಾಡಿ ಎಷ್ಟು ತಿಂಗಳು ಬದುಕಿದರೆಂದು ಎಣಿಸಿದರು. ನಮ್ಮ ಗಿಡಗಳಿಗೆ ಸಲ್ಲಬೇಕಾದ ನಿಜವಾದ ಮರ್ಯಾದೆ ಇದೇ.

ಗಿಡವಾದರೆ ಅಪಾಯವಿಲ್ಲ ಎಂಬ ನಂಬಿಕೆಯಂತೂ ಜೀವಕ್ಕೇ ಎರವಾಗಬಲ್ಲದು. ಅರಿಸ್ಟೊಲೋಕಿಯಾ ಜಾತಿಯ ಬಳ್ಳಿಗಳಲ್ಲಿರುವ ಆಮ್ಲವೊಂದು ಜೀವಕೋಶದ ಡಿಎನ್‌ಎ ಮೇಲೆ ತನ್ನದೇ ಗಾಯದ ಗುರುತು ಬಿಡುತ್ತದೆ. ತೈವಾನಿನ 98 ಯಕೃತ್ತಿನ ಗೆಡ್ಡೆಗಳನ್ನು ಪರೀಕ್ಷಿಸಿದ 2017ರ ಅಧ್ಯಯನದಲ್ಲಿ ಶೇ 78ರಲ್ಲಿ ಆ ಗುರುತು ಸಿಕ್ಕಿತು. ನಮ್ಮಲ್ಲಿ ಹಾವಿನ ವಿಷಕ್ಕೆ ಮದ್ದೆಂದು ನಂಬಿರುವ ಈಶ್ವರಿ ಬಳ್ಳಿ ಅದೇ ಜಾತಿಯದು. ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಕುದಿದ ಅಮೃತಬಳ್ಳಿ ಕಷಾಯದ ನಂತರ ಯಕೃತ್ತು ಕೆಟ್ಟ 43 ರೋಗಿಗಳ ವಿವರವನ್ನು ದೇಶದ 13 ಕೇಂದ್ರಗಳ ವೈದ್ಯರು ಪ್ರಕಟಿಸಿದರು. ಆಯುಷ್ ಸಚಿವಾಲಯ ಆ ನಂಟನ್ನು ಒಪ್ಪಲಿಲ್ಲ. ಒಪ್ಪದಿದ್ದ ಮೇಲೆ ಸ್ವತಃ ದೊಡ್ಡ ಅಧ್ಯಯನ ನಡೆಸಿ ಜನರ ಮುಂದಿಡುವುದು ಸಚಿವಾಲಯದ್ದೇ ಹೊಣೆ.

ಯಕೃತ್ತಿನ ಕ್ಯಾನ್ಸರನ್ನು ಬಾರದಂತೆ ತಡೆಯುವ ದಾರಿಯನ್ನು ತೋರಿಸಿದ್ದೂ ಅದೇ ತೈವಾನ್. 1984ರಲ್ಲಿ ಶಿಶುಗಳಿಗೆ ಹೆಪಟೈಟಿಸ್ ಬಿ ಲಸಿಕೆ ಆರಂಭಿಸಿ, ಹತ್ತು ವರ್ಷದೊಳಗೆ ಮಕ್ಕಳ ಯಕೃತ್ತಿನ ಕ್ಯಾನ್ಸರನ್ನು ಸುಮಾರು ಅರ್ಧಕ್ಕೆ ಇಳಿಸಿತು. ನಮ್ಮಲ್ಲೂ ಮಗು ಹುಟ್ಟಿದ 24 ಗಂಟೆಯೊಳಗೆ ಮೊದಲ ಚುಚ್ಚುಮದ್ದು ಬೀಳಬೇಕು. ಈಗಾಗಲೇ ಸೋಂಕು ತಗುಲಿದವರಿಗೆ 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ತಪಾಸಣೆ, ಮಾತ್ರೆ ಎರಡೂ ಉಚಿತ. ಆದರೆ ಕಾಮಾಲೆ ಎಂದೊಡನೆ ಹಳ್ಳಿಯ ಎಷ್ಟೋ ಜನ ಮೊದಲು ಹೋಗುವುದು ನಾಟಿ ವೈದ್ಯರ ಮನೆಗೆ. ಆರೋಗ್ಯ ಇಲಾಖೆ ಅವರನ್ನು ದೂರ ಇಡುವ ಬದಲು ತರಬೇತಿಗೆ ಕರೆಯಲಿ. ತಮ್ಮಲ್ಲಿಗೆ ಬಂದ ಪ್ರತಿಯೊಬ್ಬರಿಗೂ ಹೆಪಟೈಟಿಸ್ ಬಿ ರಕ್ತಪರೀಕ್ಷೆಯ ಚೀಟಿ ಬರೆದು ತಾಲ್ಲೂಕು ಆಸ್ಪತ್ರೆಗೆ ಕಳಿಸುವ ಅಧಿಕಾರವನ್ನು ಅವರಿಗೂ ಕೊಡಲಿ.