ರಕ್ತ ಕೊಟ್ಟವರಿಗೆ ಉತ್ತರ ಕೊಡಿ

ಹೋದ ಭಾನುವಾರ ನಂಜನಗೂಡು ತಾಲ್ಲೂಕಿನ ನಮ್ಮೂರಿಗೆ ಹೋಗಿದ್ದೆ. ಅಟ್ಟ ಗುಡಿಸುವಾಗ 2020ರ ಕ್ಯಾಲೆಂಡರ್ ಸಿಕ್ಕಿತು. ನಮ್ಮವ್ವನಿಗೆ ಅಕ್ಷರ ಬರುವುದಿಲ್ಲ, ಅಂಕಿ ಚೆನ್ನಾಗಿ ಬರುತ್ತದೆ. ಒಂದೊಂದು ತಾರೀಖಿನ ಮೂಲೆಯಲ್ಲೂ ಡೈರಿಗೆ ಹಾಕಿದ ಹಾಲಿನ ಲೆಕ್ಕ ಬರೆದಿಟ್ಟಿದ್ದಾಳೆ. ಬೆಳಿಗ್ಗೆ ಇಷ್ಟು, ಸಂಜೆ ಇಷ್ಟು. ಆಗಸ್ಟ್ ತಿಂಗಳ ಒಂದು ತಾರೀಖಿನ ಸುತ್ತ ಮಾತ್ರ ದಪ್ಪ ಗೆರೆ ಎಳೆದಿದೆ. ಇದೇನವ್ವ ಅಂದೆ. ‘ನನ್ನ ರಕ್ತ ತಗೊಂಡೋದ ದಿನ ಕಣಪ್ಪ’ ಅಂದಳು.

ನನಗೂ ನೆನಪಾಯಿತು. ಲಾಕ್‌ಡೌನ್ ಅಂತ ಆಗ ನಾನೂ ಊರಲ್ಲೇ ಇದ್ದೆ. ಜಿಟಿಜಿಟಿ ಮಳೆ. ಊರಿನ ಆಶಾ ಕಾರ್ಯಕರ್ತೆಯ ಜೊತೆ ಹೆಗಲಿಗೆ ಐಸ್ ಪೆಟ್ಟಿಗೆ ಹಾಕಿಕೊಂಡ ಹುಡುಗನೊಬ್ಬ ಬಂದ. ಕೊರೊನಾ ಸಮೀಕ್ಷೆ, ಪಟ್ಟಿಯಲ್ಲಿ ನಿಮ್ಮ ಮನೆ ಬಂದಿದೆ ಅಂದರು. ಅವ್ವ ಸೆರಗನ್ನು ಮೂಗಿಗೆ ಅಡ್ಡ ಹಿಡಿದು ಜಗಲಿಯ ಕಂಬಕ್ಕೆ ಒರಗಿ ತೋಳು ಚಾಚಿದಳು. ಹುಡುಗ ರಬ್ಬರ್ ಪಟ್ಟಿ ಬಿಗಿದು, ನರ ಸಿಗದೆ ಎರಡು ಸಲ ಚುಚ್ಚಿ, ಟ್ಯೂಬಿಗೆ ರಕ್ತ ತುಂಬಿಸಿಕೊಂಡ. ಚೀಟಿ ಅಂಟಿಸಿದ. ಆಶಾ ಅಕ್ಕ ಮೂರು ಪುಟದ ಫಾರಂ ತುಂಬಿ ಹೆಬ್ಬೆಟ್ಟು ಒತ್ತಿಸಿಕೊಂಡರು. ಹೊರಡುವಾಗ ಅವ್ವ ಒಂದೇ ಒಂದು ಮಾತು ಕೇಳಿದಳು: ‘ರಕ್ತ ತಗೊಂಡೋಯ್ತಿದ್ದೀರಲ್ಲವ್ವ, ಅದರಲ್ಲಿ ಏನದೆ ಅಂತ ನಮಗೂ ಹೇಳ್ತೀರಾ?’

‘ಹೇಳ್ತೀವಿ ಅಜ್ಜಿ, ಮೆಸೇಜ್ ಬರುತ್ತೆ.’

ಮೆಸೇಜ್ ಬರಲಿಲ್ಲ. ಅವ್ವ ತಿಂಗಳುಗಟ್ಟಲೆ ನನ್ನ ಫೋನ್ ನೋಡಿಸಿದಳು. ಆಮೇಲೆ ಒಂದು ದಿನ ಅಂದಳು: ‘ಹಸದ ಹಾಲು ಅಳೆದ್ರೆ ಚೀಟಿ ಕೊಡ್ತಾರೆ. ನನ್ನ ರಕ್ತಕ್ಕೆ ಕೊಡಲಿಲ್ಲ.’

ಡೈರಿಯ ಮುಂದೆ ಯಾವತ್ತಾದರೂ ಬೆಳಿಗ್ಗೆ ಆರಕ್ಕೆ ನಿಂತವರಿಗೆ ಈ ಮಾತಿನ ತೂಕ ಗೊತ್ತು. ಕ್ಯಾನಿನಿಂದ ಒಂದಿಷ್ಟು ಹಾಲು ತೆಗೆದು ಯಂತ್ರಕ್ಕಿಡುತ್ತಾರೆ. ಫ್ಯಾಟ್ ಎಷ್ಟು, ಡಿಗ್ರಿ ಎಷ್ಟು, ಲೀಟರಿಗೆ ಎಷ್ಟು ರೂಪಾಯಿ, ಎಲ್ಲ ಚೀಟಿಯಲ್ಲಿ ಅಲ್ಲೇ ಕೈಗೆ ಬರುತ್ತದೆ. ಅನುಮಾನ ಬಂದರೆ ಇನ್ನೊಮ್ಮೆ ಅಳೆಯಿರಿ ಅನ್ನುವ ಹಕ್ಕು ಹಾಲು ಹಾಕಿದ ಹೆಂಗಸಿಗಿದೆ. ಸಾಂಕ್ರಾಮಿಕದ ಕಾಲದಲ್ಲಿ ನಮ್ಮಿಂದ ತೆಗೆದ ರಕ್ತ, ಗಂಟಲ ದ್ರವ, ಮನೆ ಮನೆಯ ವಿವರ ಇವಕ್ಕೆಲ್ಲ ಅಂಥ ಚೀಟಿ ಯಾಕಿಲ್ಲ? ಈ ವಾರ ನಾನು ಕೇಳುತ್ತಿರುವುದು ಇಷ್ಟೇ.

ಈ ಸಮೀಕ್ಷೆಗಳು ಬೇಡವಾಗಿತ್ತು ಅಂತ ನಾನು ಹೇಳುತ್ತಿಲ್ಲ. ಇವಿಲ್ಲದೆ ಆ ಎರಡು ವರ್ಷ ನಾವು ಪೂರ್ತಿ ಕತ್ತಲಲ್ಲಿ ನಡೆಯುತ್ತಿದ್ದೆವು. ಕಾಯಿಲೆ ಬಿದ್ದು ಆಸ್ಪತ್ರೆಗೆ ಬಂದವರನ್ನು ನೋಡುವುದು ಒಂದು ವೈದ್ಯ. ಆಸ್ಪತ್ರೆಗೆ ಬಾರದೆ ಊರಲ್ಲೇ ಉಳಿದವರಲ್ಲಿ ಏನು ನಡೆಯುತ್ತಿದೆ ಅಂತ ಹುಡುಕುವುದು ಸಮುದಾಯ ವೈದ್ಯಶಾಸ್ತ್ರ. ಮೆಡಿಕಲ್ ಕಾಲೇಜುಗಳಲ್ಲಿ ಪಿಎಸ್‌ಎಂ ಅನ್ನುತ್ತಾರೆ. ರೋಗ ತಡೆಯುವುದನ್ನು, ಸಮಾಜವನ್ನು ಓದುವುದನ್ನು ಪ್ರತಿಯೊಬ್ಬ ವೈದ್ಯನೂ ಕಲಿತು ‘ಸಾಮಾಜಿಕ ವೈದ್ಯ’ ಆಗಬೇಕು ಅಂತ ಭೋರ್ ಸಮಿತಿ 1946ರಲ್ಲೇ ಹೇಳಿತ್ತು. ಆದರೂ ಈ ವಿಭಾಗ ಕಾಲೇಜಿನ ಮೂಲೆಯ ಕೋಣೆಯಲ್ಲೇ ಉಳಿಯಿತು. ಹೃದಯ, ಮೂಳೆ, ಚರ್ಮ ಅಂತ ಓದಿದವರಿಗಿರುವ ಮರ್ಯಾದೆ ಊರು ಓದಿದವರಿಗೆ ಸಿಗಲಿಲ್ಲ. 2020ರ ಮಾರ್ಚ್‌ನಲ್ಲಿ ಇದ್ದಕ್ಕಿದ್ದಂತೆ ಎಲ್ಲರೂ ಆ ಕೋಣೆಯ ಬಾಗಿಲು ಬಡಿದರು.

ನಮ್ಮ ತಾಲ್ಲೂಕಿನವರಿಗೆ ಅದು ಬಾಯಿಪಾಠ. ಮಾರ್ಚ್ ಕೊನೆಯ ವಾರ ಸರ್ಕಾರದ ಸಂಜೆಯ ಬುಲೆಟಿನ್‌ನಲ್ಲಿ ಪಿ-52 ಅನ್ನುವ ಸಂಖ್ಯೆ ಬಂತು, ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರ. ಅಲ್ಲಿಂದ ಮುಂದೆ ದಿನವೂ ‘ಪಿ-52ರ ಸಂಪರ್ಕ’ ಅನ್ನುವ ಸಾಲುಗಳು. ಸಾವಿರಕ್ಕೂ ಹೆಚ್ಚು ಜನ ಕ್ವಾರಂಟೈನ್ ಆದರು. ಯಾರು ಯಾರ ಪಕ್ಕ ಕೂತು ಊಟ ಮಾಡಿದರು, ಯಾವ ಬಸ್ಸು ಹತ್ತಿದರು, ಯಾರ ಮನೆಗೆ ನೆಂಟರು ಬಂದರು ಅಂತ ಆರೋಗ್ಯ ಸಿಬ್ಬಂದಿ ಒಂದೊಂದೇ ಎಳೆ ಹಿಡಿದು ಹೋದರು. ಎಳೆ ಹಿಡಿದು ಹೋದದ್ದಕ್ಕೇ ಆ ಸುತ್ತಿನ ಸೋಂಕು ಮೇ ಮಧ್ಯದ ಹೊತ್ತಿಗೆ ನಿಂತಿತು, ಜಿಲ್ಲೆಯ ಸೋಂಕಿತರು ಗುಣವಾಗಿ ಮನೆ ಸೇರಿದರು. ಈ ಕೆಲಸ ಮಾಡಿದವರಿಗೆ ನಾನು ಕೈಮುಗಿಯುತ್ತೇನೆ. ಆದರೆ ಸೋಂಕು ಮೊದಲು ಆ ಕಾರ್ಖಾನೆಗೆ ಎಲ್ಲಿಂದ ಬಂತು? ವಿಚಾರಣೆ ನಡೆಯಿತು, ಸುದ್ದಿ ಓಡಾಡಿತು. ನಮ್ಮ ಜನಕ್ಕೆ ಮನದಟ್ಟಾಗುವಂಥ ಉತ್ತರ ಮಾತ್ರ ಬರಲಿಲ್ಲ. ಸೀಲ್‌ಡೌನ್ ಆದ ಬೀದಿಯಲ್ಲಿ ವಾರಗಟ್ಟಲೆ ಕೂತವರಿಗೆ ಅದನ್ನು ಕೇಳುವ ಹಕ್ಕಿಲ್ಲವೇ?

ಈಗ ರಕ್ತದ ಸಮೀಕ್ಷೆಗೆ ಬರೋಣ. ಸೋಂಕು ಬಂದು ಹೋದ ಮೈಯಲ್ಲಿ ಪ್ರತಿಕಾಯ ಉಳಿದಿರುತ್ತದೆ. ಅದನ್ನು ಹುಡುಕಿದರೆ ಜ್ವರವೇ ಬಾರದವರಿಗೂ ಸೋಂಕು ತಗುಲಿತ್ತೇ ಅಂತ ತಿಳಿಯುತ್ತದೆ. ಎಲ್ಲರ ರಕ್ತ ತೆಗೆಯಲಾಗದು, ಆರಿಸಿ ತೆಗೆಯಬೇಕು. ಅನ್ನ ಬೆಂದಿದೆಯೇ ನೋಡಲು ಒಂದು ಅಗುಳು ಹಿಸುಕಿದರೆ ಸಾಕು ಅನ್ನುತ್ತಾರಲ್ಲ, ಊರಿನ ವಿಷಯದಲ್ಲಿ ಆ ಮಾತು ಅರ್ಧ ಮಾತ್ರ ಸರಿ. ಊರು ಅನ್ನುವ ಪಾತ್ರೆ ಒಂದೇ ಸಮ ಬೇಯುವುದಿಲ್ಲ. ಮೇಲಿನ ಅಗುಳು ಹಸಿ, ತಳ ಸೀದಿರುತ್ತದೆ. ಬಸ್ ಕಂಡಕ್ಟರ್‌ಗೆ ಒಂದು ಲೆಕ್ಕ, ಮನೆಯಿಂದ ಹೊರಬರದ ಮುದುಕಿಗೆ ಇನ್ನೊಂದು. ಅದಕ್ಕೇ ಎಲ್ಲೆಲ್ಲಿಂದ ಎಷ್ಟೆಷ್ಟು ಅಗುಳು ಎತ್ತಬೇಕು ಅನ್ನುವುದೇ ಈ ಶಾಸ್ತ್ರದ ಜೀವಾಳ.

ಕರ್ನಾಟಕದ ಮೊದಲ ರಾಜ್ಯವ್ಯಾಪಿ ಸಮೀಕ್ಷೆ 2020ರ ಸೆಪ್ಟೆಂಬರ್ 3ರಿಂದ 16ರವರೆಗೆ ನಡೆಯಿತು. 30 ಜಿಲ್ಲೆ, ಬೆಂಗಳೂರಿನ 8 ವಲಯ, ಒಂದೊಂದರಲ್ಲೂ 432 ಜನ, ಒಟ್ಟು 16,416. ತಪಾಸಣೆಗೆ ಬಂದ ಗರ್ಭಿಣಿಯರು, ಬಸ್ ಕಂಡಕ್ಟರ್‌ಗಳು, ಸಂತೆಯ ವ್ಯಾಪಾರಿಗಳು, ಪೌರಕಾರ್ಮಿಕರು, ವಯಸ್ಸಾದವರು ಹೀಗೆ ಬೇರೆ ಬೇರೆ ಗುಂಪಿನಿಂದ ಆರಿಸಿದರು. ನವೆಂಬರ್‌ನಲ್ಲಿ ಫಲಿತಾಂಶ ಬಂತು: ಶೇ 27.3. ಅಂದರೆ ರಾಜ್ಯದ ಏಳು ಕೋಟಿ ಜನರಲ್ಲಿ ಸುಮಾರು 1.93 ಕೋಟಿ ಜನರಿಗೆ ಆಗಲೇ ಸೋಂಕು ತಗುಲಿತ್ತು. ಲೆಕ್ಕಕ್ಕೆ ಸಿಕ್ಕ ಒಬ್ಬ ರೋಗಿಯ ಹಿಂದೆ ಸುಮಾರು ನಲವತ್ತು ಸೋಂಕಿತರು! ಅದೇ ವರ್ಷ ಜೂನ್ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ ಬೇರೊಂದು ಸಂಶೋಧಕರ ತಂಡ ರಾಜ್ಯದಲ್ಲಿ ಮನೆಗಳನ್ನು ಆರಿಸಿ ಪರೀಕ್ಷೆ ಮಾಡಿತ್ತು. ‘ಜಾಮಾ’ ಪತ್ರಿಕೆಯಲ್ಲಿ ಬಂದ ಅವರ ಅಂಕಿ ಹಳ್ಳಿಗಳಲ್ಲಿ ಶೇ 44.1, ನಗರಗಳಲ್ಲಿ ಶೇ 53.8.

ಒಂದೇ ರಾಜ್ಯ, ಹೆಚ್ಚುಕಡಿಮೆ ಒಂದೇ ಕಾಲ, ಇಷ್ಟು ಅಂತರ. ಯಾರೋ ಸುಳ್ಳು ಹೇಳಿದರು ಅಂತಲ್ಲ. ಎಲ್ಲಿಂದ ಆರಿಸಿದರು, ಯಾವ ಪರೀಕ್ಷೆ ಬಳಸಿದರು, ಪರೀಕ್ಷೆಯ ತಪ್ಪನ್ನು ಹೇಗೆ ಸರಿದೂಗಿಸಿದರು ಅನ್ನುವುದರ ಮೇಲೆ ಅಂಕಿ ಬದಲಾಗುತ್ತದೆ. ಇದನ್ನು ಯಾರಾದರೂ ಕನ್ನಡದಲ್ಲಿ ಕೂತು ಹೇಳಬೇಕಿತ್ತು. ಹೇಳಲಿಲ್ಲ. ಬಂದದ್ದು ಟಿವಿಯ ಕೆಳಗೆ ಓಡುವ ಒಂದು ಸಾಲು. ಜನ ಅದನ್ನು ತಮಗೆ ಬೇಕಾದಂತೆ ಓದಿಕೊಂಡರು. ಎಲ್ಲರಿಗೂ ಬಂದು ಹೋಗಿದೆ, ಇನ್ನೇನೂ ಆಗಲ್ಲ ಅನ್ನುವ ಮಾತನ್ನು ಆ ಚಳಿಗಾಲದಲ್ಲಿ ನಾನು ನಮ್ಮೂರ ಟೀ ಅಂಗಡಿಯಲ್ಲೇ ಎಷ್ಟು ಸಲ ಕೇಳಿದ್ದೇನೆ! ಶೇ 27 ಅಂದರೆ ನೂರರಲ್ಲಿ ಎಪ್ಪತ್ಮೂರು ಜನರಿಗೆ ಇನ್ನೂ ಬಂದಿಲ್ಲ ಅಂತ. ಆ ಎಪ್ಪತ್ಮೂರನ್ನು ಯಾರೂ ಡಂಗುರ ಹೊಡೆಸಲಿಲ್ಲ. ಮದುವೆ, ಜಾತ್ರೆ, ಚುನಾವಣೆ ಎಲ್ಲ ನಡೆದವು. 2021ರ ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50,112 ಪ್ರಕರಣ.

ಅದೇ ಏಪ್ರಿಲ್, ಮೇ ತಿಂಗಳಲ್ಲಿ ವಾಟ್ಸ್‌ಆ್ಯಪ್ ತುಂಬ ಪ್ಲಾಸ್ಮಾ, ಅಂದರೆ ಗುಣವಾದವರ ರಕ್ತದ ದ್ರವಭಾಗ, ಕೇಳುವ ಬೇಡಿಕೆಗಳು. ಬಿ ಪಾಸಿಟಿವ್ ಬೇಕು, ತುರ್ತು, ಕಾಲಿಗೆ ಬೀಳ್ತೀವಿ. ನಾನೂ ಹತ್ತಾರು ಮೆಸೇಜ್ ಫಾರ್ವರ್ಡ್ ಮಾಡಿದೆ. ಗೆಳೆಯನೊಬ್ಬ ಅಪ್ಪನಿಗಾಗಿ ಮೈಸೂರಿನಿಂದ ಬೆಂಗಳೂರಿಗೆ ರಾತ್ರೋರಾತ್ರಿ ಕಾರು ಓಡಿಸಿದ. ಪ್ಲಾಸ್ಮಾ ಸಿಕ್ಕಿತು, ಅಪ್ಪ ಉಳಿಯಲಿಲ್ಲ. ಆದರೆ ಪ್ಲಾಸ್ಮಾ ಕೆಲಸ ಮಾಡುತ್ತದೆಯೇ ಅನ್ನುವ ಪ್ರಶ್ನೆಗೆ ನಮ್ಮ ದೇಶದಲ್ಲೇ ಉತ್ತರ ಸಿಕ್ಕಿ ಆಗ ಅರ್ಧ ವರ್ಷ ದಾಟಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2020ರಲ್ಲಿ 39 ಆಸ್ಪತ್ರೆಗಳ 464 ರೋಗಿಗಳನ್ನು ಇಟ್ಟುಕೊಂಡು ‘ಪ್ಲಾಸಿಡ್’ ಅನ್ನುವ ಪ್ರಯೋಗ ನಡೆಸಿತ್ತು. ಅರ್ಧ ಜನಕ್ಕೆ ಪ್ಲಾಸ್ಮಾ ಕೊಟ್ಟರು, ಅರ್ಧ ಜನಕ್ಕೆ ಮಾಮೂಲಿ ಚಿಕಿತ್ಸೆ ಮಾತ್ರ. ಕಾಯಿಲೆ ಉಲ್ಬಣಿಸಿದವರು ಅಥವಾ ತೀರಿಕೊಂಡವರು ಪ್ಲಾಸ್ಮಾ ಪಡೆದವರಲ್ಲಿ ಶೇ 19, ಪಡೆಯದವರಲ್ಲಿ ಶೇ 18. ಉಪಯೋಗವಿಲ್ಲ. ಅಕ್ಟೋಬರ್‌ನಲ್ಲಿ ಇದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅಚ್ಚಾಯಿತು. ಚಿಕಿತ್ಸೆಯ ಮಾರ್ಗಸೂಚಿಯಿಂದ ಪ್ಲಾಸ್ಮಾ ಹೊರಗೆ ಹೋದದ್ದು 2021ರ ಮೇ ಮಧ್ಯದಲ್ಲಿ.

ಅಂಥ ಗದ್ದಲದ ನಡುವೆ ಅಷ್ಟು ಶುದ್ಧವಾದ ಪ್ರಯೋಗ ಮಾಡಿದ್ದು ದೊಡ್ಡ ಸಾಧನೆ, ಜಗತ್ತೇ ಅದನ್ನು ನೋಡಿತು. ಮೈಮೇಲೆ ಪ್ರಯೋಗಕ್ಕೆ ಒಪ್ಪಿ ಸಹಿ ಹಾಕಿದ ಆ 464 ಜನ ಮತ್ತು ಅವರ ಮನೆಯವರು ದೇಶಕ್ಕೊಂದು ಉತ್ತರ ತಂದುಕೊಟ್ಟರು. ನನ್ನ ಗೆಳೆಯನ ಫೋನಿಗೆ ಅದು ತಲುಪಿರಲಿಲ್ಲ. ಇದನ್ನು ನೆನೆದಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಉತ್ತರ ಜನಕ್ಕೆ ತಲುಪದಿರುವುದು ಕೊರೊನಾದಿಂದ ಶುರುವಾದ ರೋಗವೂ ಅಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತು ಬಿದ್ದವು, ಹಿಂದೆಯೇ ಜನ ಜ್ವರ ಹಿಡಿದು ಮಲಗಿದರು. ಪುಣೆಯಿಂದ ವಿಜ್ಞಾನಿಗಳು ಬಂದು ಮಲೆನಾಡಿನವರ ರಕ್ತ ಪಡೆದು ಹೊಸ ವೈರಾಣು ಕಂಡುಹಿಡಿದರು. ಊರಿನ ಹೆಸರು ಜಗತ್ತಿನ ವೈದ್ಯ ಪುಸ್ತಕ ಸೇರಿತು. ಲಸಿಕೆ ಬಂತು, ದಶಕಗಳ ಕಾಲ ಕೊಟ್ಟರು, ಕೊನೆಗೆ ಅದು ಸಾಲದು ಅಂತ ನಿಲ್ಲಿಸಿದರು. ಯಾಕೆ ನಿಂತಿತು, ಮುಂದೇನು ಅಂತ ಸಾಗರ, ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಕೂಲಿಯವರಿಗೆ ಮನೆ ಬಾಗಿಲಲ್ಲಿ ಹೇಳಿದವರು ಎಷ್ಟು ಜನ?

ಆಶಾ ಕಾರ್ಯಕರ್ತೆಯರ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಾಗದು. ರಾಜ್ಯದ ಸುಮಾರು 42,000 ಆಶಾಗಳು 2020ರಲ್ಲಿ 1.59 ಕೋಟಿ ಮನೆಗಳ ಬಾಗಿಲಿಗೆ ಹೋಗಿ ವಯಸ್ಸಾದವರು, ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು ಯಾರ್ಯಾರಿದ್ದಾರೆ ಅಂತ ಪಟ್ಟಿ ಮಾಡಿದರು. ಕೆಲವು ಕಡೆ ಬೈಸಿಕೊಂಡರು, ಹೊಡೆಸಿಕೊಂಡರು. ಆ ಜುಲೈನಲ್ಲಿ ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ ಅಂತ ಅವರೇ ಮುಷ್ಕರ ಕೂರಬೇಕಾಯಿತು. ಸಮೀಕ್ಷೆಯ ಫಲಿತಾಂಶ ಏನಾಯಿತು ಅಂತ ಊರಿನವರು ಕೇಳುವುದು ಇವರನ್ನೇ. ಇವರಿಗೂ ಯಾರೂ ಹೇಳಿರುವುದಿಲ್ಲ. ಅವ್ವನ ರಕ್ತದ ಬಗ್ಗೆ ನಾನು ವಿಚಾರಿಸಿದಾಗ ನಮ್ಮ ಆಶಾ ಅಕ್ಕ ತಲೆ ತಗ್ಗಿಸಿದರು. ‘ಕೇಳಿದೆ ಅಣ್ಣ, ಮೇಲಿಂದ ಬಂದಿಲ್ಲ ಅಂದ್ರು.’ ತಲೆ ತಗ್ಗಿಸಬೇಕಾದವರು ಅವರಾಗಿರಲಿಲ್ಲ.

ನಿಯಮ ಇಲ್ಲವೇ? ಇದೆ. ಅಧ್ಯಯನಕ್ಕೆ ಒಳಪಟ್ಟವರಿಗೆ ಅದರ ಒಟ್ಟು ಫಲಿತಾಂಶ ತಿಳಿಯುವ ಅವಕಾಶ ಇರಬೇಕು ಅಂತ ವೈದ್ಯಲೋಕದ ಹೆಲ್ಸಿಂಕಿ ಘೋಷಣೆ ಸ್ಪಷ್ಟವಾಗಿ ಹೇಳುತ್ತದೆ. ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿಯಲ್ಲಿ ವಿಪತ್ತಿನ ಕಾಲದ ಸಂಶೋಧನೆಗೆ ಪ್ರತ್ಯೇಕ ಅಧ್ಯಾಯವೇ ಇದೆ. 2020ರ ಏಪ್ರಿಲ್‌ನಲ್ಲಿ ಕೋವಿಡ್ ಸಂಶೋಧನೆಗಾಗಿಯೇ ನೈತಿಕ ಸಮಿತಿಗಳಿಗೆ ಇನ್ನೊಂದು ಮಾರ್ಗಸೂಚಿ ಬಂತು.

ಈ ಕ್ಷೇತ್ರದಲ್ಲಿರುವ ವೈದ್ಯರೊಬ್ಬರ ಬಳಿ ವಾದ ಮಾಡಿದೆ. ಅವರ ಮಾತಿನಲ್ಲೂ ಹುರುಳಿತ್ತು. ನಿಮಗೆ ಪ್ರತಿಕಾಯ ಇದೆ ಅಂತ ಒಬ್ಬೊಬ್ಬರಿಗೂ ಚೀಟಿ ಕೊಟ್ಟರೆ ಮಾಸ್ಕ್ ಕಿತ್ತು ಬಿಸಾಕುತ್ತಾರೆ, ಪರೀಕ್ಷೆಯೇ ತಪ್ಪಿದ್ದರೆ ಇನ್ನೂ ಅಪಾಯ. ಒಪ್ಪಿದೆ. ಹಾಗಿದ್ದರೆ ಅದನ್ನೇ ಹೇಳಿ. ನಿಮ್ಮೊಬ್ಬರ ಉತ್ತರ ಕೊಡಲಾಗದು, ಕಾರಣ ಇದು. ನಿಮ್ಮ ತಾಲ್ಲೂಕಿನ ಉತ್ತರ ಇಷ್ಟು, ಅದಕ್ಕಾಗಿ ಇಂತಿಂಥ ಎಚ್ಚರ ವಹಿಸಿ. ಇಷ್ಟನ್ನು ಒಂದು ಪುಟದ ಕನ್ನಡದಲ್ಲಿ ಬರೆದು ಡೈರಿಯ ಗೋಡೆಗೆ, ನ್ಯಾಯಬೆಲೆ ಅಂಗಡಿಯ ಬಾಗಿಲಿಗೆ ಅಂಟಿಸಲು ಎಷ್ಟು ಖರ್ಚು? ಗ್ರಾಮಸಭೆಯಲ್ಲಿ ಹತ್ತು ನಿಮಿಷ ಓದಿ ಹೇಳಲಿ, ಪ್ರಶ್ನೆ ಕೇಳಿಸಿಕೊಳ್ಳಲಿ. ಸಂಶೋಧನೆಗೆ ದುಡ್ಡು ಕೇಳುವ ಅರ್ಜಿಯಲ್ಲೇ ಈ ಖರ್ಚಿಗೊಂದು ಸಾಲು ಇರಲಿ. ಆ ಸಾಲಿಲ್ಲದ ಅರ್ಜಿಗೆ ನೈತಿಕ ಸಮಿತಿ ಒಪ್ಪಿಗೆ ಕೊಡದಿರಲಿ. ಊರಿಗೆ ಹೋಗಿ ಹೇಳಿದ ಆಶಾ ಕಾರ್ಯಕರ್ತೆಗೆ ಆ ದಿನದ ಕೂಲಿ ಕೊಡಲಿ. ಮುಂದಿನ ಸಾಂಕ್ರಾಮಿಕಕ್ಕೆ ಕಾಯಬೇಕಾಗಿಲ್ಲ, ಡೆಂಗಿ ಸಮೀಕ್ಷೆ ಪ್ರತಿ ಮಳೆಗಾಲವೂ ನಡೆಯುತ್ತದೆ. ಅಲ್ಲಿಂದಲೇ ಶುರು ಮಾಡಬಹುದು.

ನಾನು ಊರಲ್ಲಿದ್ದಾಗಲೇ ಮೆಡಿಕಲ್ ಓದುವ ಹುಡುಗಿಯೊಬ್ಬಳು ಮನೆಗೆ ಬಂದಳು. ಈಗ ಒಬ್ಬೊಬ್ಬ ವಿದ್ಯಾರ್ಥಿಗೂ ಕೆಲವು ಕುಟುಂಬಗಳನ್ನು ದತ್ತು ಕೊಡುವ ಪದ್ಧತಿ ಇದೆ, ನಮ್ಮದು ಅವಳ ಪಾಲಿಗೆ ಬಂದಿದೆ. ಅವ್ವನ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿ ಪುಸ್ತಕದಲ್ಲಿ ಬರೆದುಕೊಂಡಳು. ಅವ್ವ ಮಾಮೂಲಿನಂತೆ ಕೇಳಿದಳು, ‘ಎಷ್ಟದೆ ಅಂತ ನಮಗೂ ಹೇಳ್ತೀಯಾ ಮಗ?’ ಹುಡುಗಿ ಪುಸ್ತಕವನ್ನೇ ತಿರುಗಿಸಿ ಅವ್ವನ ಮುಂದಿಟ್ಟಳು. ಹೋದ ಸಲ 164, ಈ ಸಲ 148, ಮಾತ್ರೆ ಬಿಡಬೇಡಿ ಅಜ್ಜಿ ಅಂದಳು. ಅವ್ವ ಒಲೆ ಗೂಡಿನಿಂದ ಪೆನ್ನು ತಂದು, ಗೋಡೆಯ ಕ್ಯಾಲೆಂಡರ್‌ನಲ್ಲಿ ಆ ದಿನದ ಹಾಲಿನ ಲೆಕ್ಕದ ಕೆಳಗೆ 148 ಅಂತ ಬರೆದುಕೊಂಡಳು. ಆಮೇಲೆ ಅಟ್ಟದಿಂದಿಳಿದ ಹಳೆಯ ಕ್ಯಾಲೆಂಡರ್ ಬಿಚ್ಚಿ, ಗೆರೆ ಸುತ್ತಿದ ತಾರೀಖಿನ ಮೇಲೆ ಬೆರಳಿಟ್ಟು, ಇದರದ್ದೇನಾಯ್ತು ಅಂದಳು. ಹುಡುಗಿಗೆ ಗೊತ್ತಿರಲಿಲ್ಲ, ಹಾಗಂತಲೇ ಹೇಳಿದಳು. ತಾರೀಖು, ಊರು, ಆಶಾ ಅಕ್ಕನ ಫೋನ್ ನಂಬರ್ ಮೂರನ್ನೂ ಪುಸ್ತಕದ ಕೊನೆಯ ಪುಟದಲ್ಲಿ ಬರೆದುಕೊಂಡಳು. ನಮ್ಮ ವಿಭಾಗದ ಮೇಡಂನ ಕೇಳ್ತೀನಿ ಅಜ್ಜಿ, ಮುಂದಿನ ತಿಂಗಳು ಬಂದಾಗ ಹೇಳ್ತೀನಿ ಅಂದಳು.