ಲೋಟದೊಳಗೆ ಏರಿದ ನೀರು

ಬಾಲಸಂಘದ ಮಕ್ಕಳಿಗೆ ಪ್ರಯೋಗ ತೋರಿಸುವವರು ಉತ್ತರವನ್ನು ಮೊದಲೇ ಹೇಳಿಬಿಡಬಾರದೆಂಬುದು ನನ್ನ ದೃಢ ಅಭಿಪ್ರಾಯ. ಶಾಲೆಯಲ್ಲಿ ನಾನೇ ಆ ತಪ್ಪು ಮಾಡಿದವನು. ತಟ್ಟೆಯ ನೀರಿನ ನಡುವೆ ಉರಿಯುವ ಮೇಣದಬತ್ತಿಯ ಮೇಲೆ ಗಾಜಿನ ಲೋಟ ಕವುಚಿ, ನೀರು ಮೇಲೇರಿದೊಡನೆ, ‘ಗಾಳಿಯಲ್ಲಿ ಶೇಕಡ 21ರಷ್ಟಿರುವ ಆಮ್ಲಜನಕ ಉರಿದುಹೋಯಿತು, ಆ ಜಾಗಕ್ಕೆ ನೀರು ಬಂತು’ ಎಂದು ನಿಮಗೆಲ್ಲ ಬರೆಸಿದ್ದೆ.

‘ಸಾರ್, ದೀಪ ಆರಿದ ಮೇಲಲ್ಲವೆ ನೀರು ಏರಿದ್ದು?’ ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ. ಗದರಿಸಿ ಕೂರಿಸಿದೆ.

ಅವನು ಕಂಡದ್ದೇ ಸರಿ. ಕಾದು ಹಿಗ್ಗಿದ ಗಾಳಿ ಕೊಂಚ ಗುಳ್ಳೆಗಳಾಗಿ ಹೊರಬೀಳುತ್ತದೆ; ಉಳಿದದ್ದು ತಣಿದು ಕುಗ್ಗಿದಾಗ ಹೊರಗಿನ ಒತ್ತಡವು ನೀರನ್ನು ಒಳಕ್ಕೆ ತಳ್ಳುತ್ತದೆ. ಮೂರು ಬತ್ತಿ ಹಚ್ಚಿ ನೋಡಿ, ನೀರು ಇನ್ನೂ ಮೇಲೇರುತ್ತದೆ. ಆಮ್ಲಜನಕವೊಂದೇ ಕಾರಣವಾಗಿದ್ದರೆ ಹಾಗಾಗಬಾರದಷ್ಟೆ?

ಆ ಹುಡುಗ ಇದನ್ನು ಓದುತ್ತಿದ್ದರೆ, ಅವನ ಹಳೆಯ ಮೇಷ್ಟರನ್ನು ಮನ್ನಿಸಲಿ.